ದೊಡ್ಡವ್ವನ ಬಾಣಂತನ

ಕಳೆದ ತಿಂಗಳು ಗೋವಾದ ವಾಸ್ಕೋದಲ್ಲಿರುವ ಮಂಗೋರ್ ಹಿಲ್‌ಗೆ ಹೋಗಿದ್ದೆ. ಮಡ್ಕಯಿಯ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂಡುವ ರೇಣುಕಾಗೆ ಹೆರಿಗೆಯಾಗಿತ್ತು, ಕೂಸನ್ನು ನೋಡಿ ಬರಬೇಕಿತ್ತು. ನಾನು ಆ ಗುಡ್ಡ ಬಿಟ್ಟು ಫೋಂಡಾ ಕಡೆ ಬಾಡಿಗೆ ಮನೆ ಹಿಡಿದು ಕೆಲವು ವರ್ಷಗಳಾದವು. ವಾಸ್ಕೋಗೆ ಹೋಗುವ ಪ್ರಸಂಗ ಬಂದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಈ ಸಲ ಆಗಲಿಲ್ಲ. ರೇಣುಕಾ ಫೋನಿನಲ್ಲಿ, "ನೀ ಬರದಿದ್ರ ಹೆಸರು ಇಡೂದಿಲ್ಲ ನೋಡು" ಎಂದಿದ್ದಳು.

ಅವರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಕೆಂಡದ ಮೇಲೆ ಉದುರಿಸಿದ ಅಜವಾನದ ಹೊಗೆ ಮೂಗಿಗೆ ಬಂತು. ಅದರ ಹಿಂದೆಯೇ ಬೇವಿನ ಸೊಪ್ಪು ಹಾಕಿ ಕುದಿಸಿದ ನೀರಿನ ಕಹಿ ವಾಸನೆ. ಒಳಗೆ ಹೋದೆ, ಕೂಸನ್ನು ಎತ್ತಿಕೊಂಡೆ, ಚಂದ ಇದೆ ಎಂದೆ. ರೇಣುಕಾಳ ಅತ್ತೆ ಚಹಾ ತಂದಿಟ್ಟರು. ಅದನ್ನು ಕುಡಿಯಲಾಗಲಿಲ್ಲ. ಬಸ್ಸು ತಪ್ಪುತ್ತದೆ ಎಂದು ಹೇಳಿ ಎದ್ದುಬಂದೆ. ಇಳಿಜಾರಿನ ಮೆಟ್ಟಿಲ ನಡುವೆ ಯಾರದೋ ಮನೆಯ ಗೋಡೆ ಹಿಡಿದು ನಿಂತಾಗ, ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸು, "ಯಾಕ್ರಿ ಅಕ್ಕಾರ, ಚಕ್ಕರ್ ಬಂತೇನ್ರಿ" ಎಂದು ಕೇಳಿದಳು. ಹೌದು ಎಂದೆ. ಬೇರೆ ಏನು ಹೇಳುವುದು? ಅದೇ ಮೆಟ್ಟಿಲುಗಳ ಮೇಲಿಂದ ನಾವು ದೊಡ್ಡವ್ವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದ್ದೆವು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ, ಕಮಲವ್ವ. ನಾನು ಧಾರವಾಡದಲ್ಲಿ ಬಿ.ಕಾಂ. ಮುಗಿಸಿ ಕೆಲಸ ಹುಡುಕಿಕೊಂಡು ಗೋವಾಕ್ಕೆ ಬಂದಾಗ ಅವಳ ಮನೆಯಲ್ಲೇ ಉಳಿದೆ. ದೊಡ್ಡಪ್ಪ ಮುರ್ಮುಗಾಂವ್ ಬಂದರಿನಲ್ಲಿ ಟ್ರೇಲರ್ ಓಡಿಸುತ್ತಿದ್ದ. ದೊಡ್ಡವ್ವ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಪುಂಡಿಪಲ್ಯಗಳ ಜೊತೆ ಕಟ್ಟಿ, ಲೋಡಿಂಗ್ ಕೆಲಸದವರಿಗೆ ಮಾರುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಓಣಿಗೆಲ್ಲ ಅವಳ ರೊಟ್ಟಿಯ ಸಪ್ಪಳ ಕೇಳುತ್ತಿತ್ತು. ವಿಜಯಪುರದವರು, ಗದಗಿನವರು, ಕೊಪ್ಪಳದವರು ಬಾಗಿಲಲ್ಲಿ ನಿಂತು, "ಅಕ್ಕಾ, ಇವತ್ತು ರೊಟ್ಟಿ ಯಾಕ ಕಪ್ಪ ಆಗ್ಯಾವು" ಎಂದು ಕೆಣಕಿದರೆ, "ನಿನ್ನ ಮಾರಿ ನೋಡಿ ಬಡದೆನಪಾ" ಎನ್ನುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಒಂದು ಗಂಟು ಇತ್ತು. ಗಂಟು ಎಂದರೆ ಸಣ್ಣದಲ್ಲ, ಒಂದು ಕುಂಬಳಕಾಯಿಯಷ್ಟು. ಹೊಕ್ಕುಳದ ಕೆಳಗಿನ ಹಳೆಯ ಗಾಯದ ಕಡೆಯಿಂದ ಹೊರಗೆ ದಬ್ಬಿಕೊಂಡು ನಿಲ್ಲುತ್ತಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ, ಕೆಮ್ಮಿದರೆ ಹೊರಗೆ. ಹಳೆಯ ಸೀರೆಯ ಅಂಚು ಹರಿದು ಅದನ್ನು ಬಿಗಿದು ಕಟ್ಟಿಕೊಂಡೇ ಅವಳು ದಿನವೆಲ್ಲ ದುಡಿಯುತ್ತಿದ್ದಳು. ಅದಕ್ಕೆ ಅವಳು ಇಟ್ಟ ಹೆಸರು 'ಸಾಹೇಬ್ರು'. ಊಟ ಯಾಕೆ ಕಡಿಮೆ ಮಾಡಿದಿ ಎಂದು ದೊಡ್ಡಪ್ಪ ಕೇಳಿದರೆ, "ಸಾಹೇಬ್ರಿಗೆ ಜಾಗಾ ಬೇಕಲ್ರಿ" ಎನ್ನುವಳು. ನಾವು ನಗುತ್ತಿದ್ದೆವು. ಅವಳೇ ಮೊದಲು ನಗುತ್ತಿದ್ದಳು.

ಆ ಗಾಯ ಎಲ್ಲಿಂದ ಬಂತು ಎನ್ನುವುದು ನನಗೆ ಮೊದಲಿನಿಂದ ಗೊತ್ತಿತ್ತು, ಮನೆಯಲ್ಲಿ ಯಾರೂ ಅದನ್ನು ಮಾತಾಡದಿದ್ದರೂ. ಮದುವೆಯಾದ ಹೊಸತರಲ್ಲಿ ಅವಳು ಬಸುರಾದಳು. ದಿನ ತುಂಬಿದ ಮೇಲೆ ಕೂಸು ಒಳಗೇ ಸತ್ತಿತು. ತಾಲೂಕಿನ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಮುಂದೆ ಮಕ್ಕಳಾಗಲಿಲ್ಲ. ಕೂಸಿಲ್ಲದವಳಿಗೆ ಎಂಥ ಬಾಣಂತನ ಎಂದು ಅವಳ ಅತ್ತೆ ಎರಡನೆಯ ವಾರಕ್ಕೇ ನೀರಿನ ಕೊಡ ಹೊರಿಸಿದಳಂತೆ. ಹಸಿಮೈಯಲ್ಲಿ ಹೊತ್ತ ಕೊಡ. ಹೊಟ್ಟೆಯ ಗೋಡೆ ಅಲ್ಲಿಂದ ಸಡಿಲಾಗುತ್ತ ಬಂತು. ಒಮ್ಮೆ ಹುಬ್ಬಳ್ಳಿಯಲ್ಲಿ ಬರೀ ಹೊಲಿಗೆ ಹಾಕಿ ಸರಿ ಮಾಡಿದ್ದರು. ಒಂದು ಚಳಿಗಾಲದ ಕೆಮ್ಮಿಗೆ ಅದು ಬಿಚ್ಚಿಕೊಂಡಿತು.

ಆ ವರ್ಷದ ಮಳೆ ಜೋರಾಗಿಯೇ ಶುರುವಾಯಿತು. ಬಂದರಿನ ಕಡೆಯಿಂದ ಹಾರಿಬಂದು ತಗಡಿನ ಮೇಲೆ ಕೂತಿದ್ದ ಕರಿಯ ಧೂಳು ಕರಗಿ ಗೋಡೆಯ ಮೇಲೆ ಇಳಿಯುತ್ತಿತ್ತು. ಎಲ್ಲರ ಮಾಡಿನ ಮೇಲೂ ನೀಲಿ ತಾಡಪತ್ರಿ. ಓಣಿಯಲ್ಲಿ ಒಬ್ಬರಿಗೆ ಬಂದ ಕೆಮ್ಮು ಎಲ್ಲರಿಗೂ ಬಂತು, ದೊಡ್ಡವ್ವನಿಗೂ. ಒಂದು ಬೆಳಗ್ಗೆ ನಾನು ಕಂಪನಿ ಬಸ್ಸಿಗೆ ಹೊರಡುವಾಗ ರೊಟ್ಟಿಯ ಸಪ್ಪಳ ನಿಂತಿತು. ಒಳಗೆ ನೋಡಿದರೆ ಅವಳು ಹಿಟ್ಟಿನ ಕೈಯನ್ನು ನೆಲಕ್ಕೂರಿ ಕೂತಿದ್ದಳು.

"ಸಾಹೇಬ್ರು ಒಳಗ ಹೋಗವಲ್ರು, ಸವಿತಾ" ಎಂದಳು. ಆಗಲೂ ನಗಲು ನೋಡಿದಳು. ಆಮೇಲೆ ವಾಂತಿ ಶುರುವಾಯಿತು, ಹಸಿರು ವಾಂತಿ.

ವಾಸ್ಕೋದಲ್ಲಿ ನೋಡಿದವರು ಇಲ್ಲಿ ಆಗುವುದಲ್ಲ ಎಂದು ಸೇತುವೆಯಾಚೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕರುಳು ಆ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿಯ ಸರ್ಜನ್ ನಡುವಯಸ್ಸಿನವರು, ಸಮಾಧಾನದ ಮನುಷ್ಯ. ಕೊಂಕಣಿ ಬೆರೆತ ಹಿಂದಿಯಲ್ಲಿ ಮಾತಾಡುತ್ತಿದ್ದರು. ತಮ್ಮ ಅಂಗೈ ಚಾಚಿ ತೋರಿಸಿ, ಹೊಟ್ಟೆಯ ಗೋಡೆಯ ಬಿರುಕು ಇದಕ್ಕಿಂತ ಅಗಲ ಇದೆ ಎಂದರು. ಬರೀ ದಾರದಲ್ಲಿ ಹೊಲಿದರೆ ಹಿಂದಿನಂತೆ ಮತ್ತೆ ಹರಿಯುತ್ತದೆ, ಆದ್ದರಿಂದ ಒಳಗೆ ಬಲೆಯಂಥ ಒಂದು ಜಾಳಿಗೆ ಹಾಸಬೇಕು, ಮಾಂಸ ಅದರ ಕಣ್ಣುಗಳಲ್ಲಿ ಬೆಳೆದು ಹಿಡಿದುಕೊಂಡರೆ ಗೋಡೆ ಗಟ್ಟಿಯಾಗುತ್ತದೆ ಎಂದರು. ಆಮೇಲೆ, ಮೊದಲೇ ಹೇಳಿಬಿಡುತ್ತೇನೆ ಎಂದು ಮುಂದುವರಿಸಿದರು. ಜಾಳಿಗೆ ಮೈಯದ್ದಲ್ಲ, ಹೊರಗಿನದ್ದು. ಅದಕ್ಕೆ ಕೀವಿನ ಹುಳು ಹತ್ತಿದರೆ ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಇವರಿಗೆ ಸಕ್ಕರೆ ಕಾಯಿಲೆ ಇದೆ, ಮೈ ಭಾರ ಇದೆ, ಇದು ಎರಡನೇ ಸಲದ ರಿಪೇರಿ, ಕರುಳು ಬೇರೆ ಸಿಕ್ಕಿಕೊಂಡಿದೆ. ಎಲ್ಲವೂ ಇವರ ವಿರುದ್ಧವೇ ಇದೆ. ನಾನು ಒಂದೊಂದು ಮಾತನ್ನೂ ಕನ್ನಡದಲ್ಲಿ ದೊಡ್ಡಪ್ಪನಿಗೆ ಹೇಳಿದೆ. ಅವನು, "ಉಳೀತಾಳಂತೇನು, ಅಷ್ಟ ಕೇಳು" ಎಂದ.

ಉಳಿದಳು. ಸಿಕ್ಕಿದ್ದ ಕರುಳನ್ನು ಬಿಡಿಸುವಾಗ ಒಂದು ಕಡೆ ಸ್ವಲ್ಪ ಹರಿದಿತ್ತು, ಹೊಲಿದಿದ್ದೇವೆ ಎಂದರು ಡಾಕ್ಟರು. ಹೊಟ್ಟೆಯ ಎರಡೂ ಬದಿಯಿಂದ ಸಣ್ಣ ನಳಿಗೆಗಳು ಹೊರಟು, ಕೆಂಪು ನೀರು ಬಾಟಲಿಗೆ ಇಳಿಯುತ್ತಿತ್ತು. ಅದು ಕಡಿಮೆಯಾಗಿ ನಳಿಗೆ ತೆಗೆದ ಮೇಲೆ ಮನೆಗೆ ಕಳಿಸಿದರು. ಬಿಡುಗಡೆಯ ದಿನ ನರ್ಸ್ ನನ್ನನ್ನು ನಿಲ್ಲಿಸಿಕೊಂಡು ಹೇಳಿದಳು. ಬೆಲ್ಟ್ ಬಿಚ್ಚಬಾರದು, ಕುಕ್ಕರುಗಾಲಲ್ಲಿ ಕೂಡಬಾರದು, ಭಾರ ಎತ್ತಬಾರದು. ಹೊಲಿಗೆ ಮತ್ತು ನಳಿಗೆಯ ತೂತು ಪೂರ್ತಿ ಮಾಯುವ ತನಕ ಗಾಯಕ್ಕೆ ನೀರು ತಾಗಬಾರದು. ಚರ್ಮದಡಿ ನೀರು ತುಂಬಿ ಉಬ್ಬಬಹುದು, ಅದಕ್ಕೆ ಹೆದರಬೇಡಿ, ಆದರೆ ತಿಕ್ಕಬೇಡಿ, ಕಾಸಬೇಡಿ. ಅದನ್ನೆಲ್ಲ ಮನೆಯಲ್ಲಿ ಎರಡೆರಡು ಸಲ ಹೇಳಿದೆ.

ಮರುದಿನ ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಆಯಿ ಬಂದಳು. ಅವ್ವನ ತಾಯಿಗೆ ನಾವು ಆಯಿ ಎನ್ನುತ್ತೇವೆ. ಬಾದಾಮಿಯ ಆಚೆಗಿನ ಒಂದು ಹಳ್ಳಿ ಅವಳದು. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ಎರೆಯಲು ಅವಳೇ ಬೇಕು. ಬಿಸಿನೀರು ಎಷ್ಟು ಮೇಲಿನಿಂದ ಬೀಳಬೇಕು, ಸೊಂಟಕ್ಕೆ ಎಷ್ಟು, ಬೆನ್ನಿಗೆ ಎಷ್ಟು ಎಂಬುದು ಅವಳ ಕೈಗೆ ಗೊತ್ತಿತ್ತು. ಆಯಿ ಎರೆದ ಬಾಣಂತಿಗೆ ಸೊಂಟನೋವು ಬರುವುದಿಲ್ಲ ಎಂದು ಊರಲ್ಲಿ ಮಾತಿತ್ತು. ನನ್ನನ್ನು ಹಡೆದಾಗ ನನ್ನ ಅವ್ವನಿಗೆ ಅವಳೇ ಎರೆದಿದ್ದಳು.

ಬಂದವಳು ಚೀಲ ಇಳಿಸಿ, ಕೈಕಾಲು ತೊಳೆದು, ಮಗಳ ಪಕ್ಕ ಕೂತು ಸೀರೆ ಸರಿಸಿ ಗಾಯ ನೋಡಿದಳು. ಬಹಳ ಹೊತ್ತು ನೋಡಿದಳು.

"ಅವತ್ತ ಕೊಯ್ದ ಜಾಗಾನ ಅಲ್ಲೇನ ಇದು" ಎಂದಳು.

ದೊಡ್ಡವ್ವ ಹೂಂ ಎಂದಳು.

ಆಯಿ ಸೀರೆಯನ್ನು ಮೊದಲಿನಂತೆ ಹೊದಿಸಿದಳು. ಚೀಲದಿಂದ ಎಣ್ಣೆಯ ಬಾಟಲಿ, ಬೇವಿನ ಸೊಪ್ಪಿನ ಕಟ್ಟು, ಅಜವಾನ, ಒಂದು ಡಬ್ಬಿ ಅಂಟಿನುಂಡಿ ಒಂದೊಂದಾಗಿ ತೆಗೆದಿಟ್ಟಳು. ಮೆತ್ತಗಾದ ಹಳೆಯ ಇಳಕಲ್ ಸೀರೆಯೊಂದನ್ನು ಉದ್ದಕ್ಕೆ ಹರಿದು ಸುತ್ತಿದಳು. ಇವೆಲ್ಲ ಬಾಣಂತಿಯ ಸಾಮಾನು ಎಂದು ನಮ್ಮ ಕಡೆಯ ಯಾವ ಹೆಂಗಸಿಗೂ ಹೇಳಬೇಕಾಗಿಲ್ಲ. ಮಗಳನ್ನು ನೋಡಲು ಬರುವ ತಾಯಿ ಇಂಥದೆಲ್ಲ ಕಟ್ಟಿಕೊಂಡು ಬರುತ್ತಾಳೆ ಎಂದಷ್ಟೇ ನಾನು ತಿಳಿದೆ.

ಮಾರನೆಯ ದಿನ ಕೆಲಸದಿಂದ ಬಂದಾಗ ಓಣಿಯ ತಿರುವಿನಲ್ಲೇ ಆ ಹೊಗೆ ತಾಗಿತು. ಒಳಗೆ ದೊಡ್ಡವ್ವ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡು, ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇರಿಸಿಕೊಂಡು ಮಲಗಿದ್ದಳು. ಮುಖ ಕೆಂಪಗೆ ಹೊಳೆಯುತ್ತಿತ್ತು. ಆಸ್ಪತ್ರೆಯ ಬೆಲ್ಟ್ ಗೋಡೆಯ ಮೊಳೆಗೆ ತೂಗುತ್ತಿತ್ತು, ಹೊಟ್ಟೆಯ ಸುತ್ತ ಇಳಕಲ್ ಸೀರೆಯ ಪಟ್ಟಿ. ಆಯಿ ಬಚ್ಚಲಲ್ಲಿ ಹಂಡೆ ತಿಕ್ಕುತ್ತಿದ್ದಳು.

ನನಗೆ ಸಿಟ್ಟು ಬಂತು. ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ, ಒಳಗೆ ಜಾಳಿಗೆ ಇದೆ, ನೀರು ಇಳಿದರೆ ಅದು ಕೆಡುತ್ತದೆ ಎಂದೆ. ಆಯಿ ಪೂರ್ತಿ ಕೇಳಿಸಿಕೊಂಡಳು. "ನಿಮ್ಮ ಡಾಕ್ಟರ ಕೊಯ್ಯೂದು ಕಲ್ತಾನ, ತಂಗಿ. ಕೊಯ್ದ ಹೊಟ್ಟಿ ಕೂಡಸೂದು ನಾ ಕಲ್ತೇನಿ" ಎಂದಳು. ದನಿಯಲ್ಲಿ ಜಗಳ ಇರಲಿಲ್ಲ. ಗಾಯದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಯೇ ಎರೆದಿದ್ದೇನೆ, ಅಷ್ಟು ತಿಳಿಯದವಳಲ್ಲ ಎಂದೂ ಸೇರಿಸಿದಳು. ಕಷ್ಟದಿಂದ ಒಪ್ಪಿಸಿ ಬೆಲ್ಟ್ ಮತ್ತೆ ಹಾಕಿಸಿದೆ. ನಾನು ಬಸ್ಸು ಹತ್ತಿದ ಮೇಲೆ ಅದು ಮೊಳೆಗೆ ಹೋಗುತ್ತಿತ್ತು, ಬರುವ ಹೊತ್ತಿಗೆ ಸೊಂಟಕ್ಕೆ ಬರುತ್ತಿತ್ತು. ಅದು ಅವರಿಬ್ಬರ ಗುಟ್ಟು. ಮೈಮೇಲಿನ ಎಣ್ಣೆ, ಮನೆಯ ಹೊಗೆ ಎರಡನ್ನೂ ಅವರು ಮುಚ್ಚಿಡಲು ನೋಡಲಿಲ್ಲ. ಕೇಳಿದರೆ ಇಬ್ಬರೂ ಒಟ್ಟಿಗೆ, ಇವತ್ತು ಬರೀ ಕಾಲಿಗೆ ಎರೆದದ್ದು ಎನ್ನುತ್ತಿದ್ದರು. ದೊಡ್ಡಪ್ಪನಿಗೆ ಹೇಳಿದೆ. "ತಾಯಿ ಮಗಳ ನಡಕ ನಾ ಏನ ಬಾಯಿ ಹಾಕ್ಲಿ" ಎಂದು ಅವನು ಅಂಗಿ ಹಾಕಿಕೊಂಡು ಬಂದರಿಗೆ ಹೋದ.

ಒಂದು ಭಾನುವಾರ ಆಯಿ ನಲ್ಲಿಗೆ ಹೋದಾಗ ದೊಡ್ಡವ್ವನಿಗೆ ಒಬ್ಬಳಿಗೇ ಹೇಳಿದೆ, ಬೇಡ ಎಂದು ನೀನೇ ಗಟ್ಟಿಯಾಗಿ ಹೇಳು, ನಿನ್ನ ಮಾತು ಕೇಳುತ್ತಾಳೆ ಎಂದೆ. ಅವಳು ಸೂರಿನ ಕಡೆ ನೋಡುತ್ತ ಮಲಗಿದ್ದಳು.

"ಅವ್ವ ಅವತ್ತೂ ಬಂದಿದ್ಳು, ಗೊತ್ತೇನ ನಿನಗ? ನಮ್ಮತ್ತಿ ಹೊಸ್ತಲಾ ದಾಟಾಕ ಬಿಡಲಿಲ್ಲ. ಎಣ್ಣಿ ಬಾಟ್ಲಿ ಹಿಡಕೊಂಡು ಅಂಗಳದಾಗ ನಿಂತಿದ್ಳು, ಬಿಸಲಾಗ. ನಾ ಕಿಡಕ್ಯಾಗಿಂದ ನೋಡಾಕತ್ತಿದ್ದೆ. ಹಂಗ ಹೊಳ್ಳಿ ಹೋದ್ಳು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಊರ ಮಂದಿಗೆಲ್ಲಾ ಎರದಾಳ. ನನಗೊಬ್ಬಾಕಿಗೆ ಎರದಿಲ್ಲ. ಈಗ ಎರೀಲಿ ಬಿಡು" ಎಂದಳು.

ಆಯಿ ತುಂಬಿದ ಕೊಡ ಹೊತ್ತು ಒಳಗೆ ಬಂದಳು, ನಾನು ಎದ್ದು ದಾರಿ ಬಿಟ್ಟೆ.

ಆ ಕೆಲವು ದಿನ ಮನೆ ಹಬ್ಬದ ಹಾಗೆ ಇತ್ತು ಎಂದು ಬರೆಯಲು ಸಂಕಟವಾಗುತ್ತದೆ, ಆದರೆ ಇದ್ದದ್ದು ಹಾಗೆಯೇ. ಓಣಿಯ ಹೆಂಗಸರು ಬಾಣಂತಿಯನ್ನು ನೋಡಲು ಬಂದಂತೆ ಬಂದರು. ಒಬ್ಬಳು ಬಾಣಂತಿಗೆ ಕೊಡುವ ಅಳವಿ ಪಾಯಸ ತಂದಳು, ಸಕ್ಕರೆ ಕಾಯಿಲೆ ಎಂದು ನಾನು ಅದನ್ನು ಎತ್ತಿಟ್ಟೆ. ಇನ್ನೊಬ್ಬಳು ಮಂಚದ ಮೇಲೆ ಕೆಳಗೆ ಹುಡುಕಿದಂತೆ ಮಾಡಿ, "ಕೂಸು ಎಲ್ಲೈತ್ರಿ ಕಮಲಕ್ಕ, ತೋರ್ಸೂದಿಲ್ಲೇನ" ಎಂದಾಗ ಎಲ್ಲರೂ ನಕ್ಕರು. ನಾನು ಮಾತ್ರ ದೊಡ್ಡವ್ವನ ಮುಖ ನೋಡಿ ಹೆದರಿದೆ. ಅವಳು, "ಸಾಹೇಬ್ರು ಮಲ್ಕೊಂಡಾರ, ಎಬ್ಬಸಬ್ಯಾಡ್ರೇ" ಎಂದಳು. ಐವತ್ತರ ಹೆಂಗಸು ನಾಚಿಕೊಂಡಿದ್ದನ್ನು ಅವತ್ತು ನೋಡಿದೆ. ಆಯಿ ಅವಳ ಹಣೆಗೆ ಅಂಗಾರ ಹಚ್ಚಿ, ನೆಟಿಗೆ ಮುರಿದು, ಮಧ್ಯಾಹ್ನ ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಸೀರೆಯ ಅಂಚು ಬಿಗಿದುಕೊಂಡು ಗೋಡೆಗೆ ಒರಗಿ ತೂಕಡಿಸುತ್ತಿದ್ದ ದೊಡ್ಡವ್ವ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಆಸ್ಪತ್ರೆಗೆ ತೋರಿಸಲು ಹೋದಾಗ ಹೊಲಿಗೆಯ ಪಕ್ಕ ಮೆತ್ತಗೆ ಉಬ್ಬಿತ್ತು. ಡಾಕ್ಟರು ಸೂಜಿ ಹಾಕಿ ಹಳದಿ ನೀರು ಎಳೆದರು. ಇದು ಆಗುವಂಥದ್ದೇ, ಒಣಗಿಸಿ ಇಡುತ್ತಿದ್ದೀರಲ್ಲ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ತನಗೆ ಬರುವ ಹಿಂದಿಯಲ್ಲಿ, ಹೌದು ಸಾಹೇಬ್ರ ಎಂದಳು. ಹೊರಗೆ ಬಂದ ಮೇಲೆ ನಾನು ಹಿಂದಿರುಗಿ ಹೋಗಿ ಬಾಗಿಲಲ್ಲಿದ್ದ ನರ್ಸ್‌ಗೆ ಮನೆಯಲ್ಲಿ ಸ್ನಾನ ಮಾಡಿಸುತ್ತಾರೆ ಎಂದು ಹೇಳಿದೆ. ಅವಳು ಬೈದಳು. ಇವತ್ತಿನಿಂದಲೇ ನಿಲ್ಲಿಸಿ, ಚಳಿಜ್ವರ ಬಂದರೆ ತಡ ಮಾಡಬೇಡಿ ಎಂದಳು. ಆ ಮಾತನ್ನು ಆಯಿಯ ಎದುರು ಹೇಳಿದಾಗ ಅವಳು ಹಂಡೆಯನ್ನು ಮಗುಚಿ ಇಟ್ಟಳು. ನಿಜಕ್ಕೂ ನಿಲ್ಲಿಸಿದಳು. ಹೊಟ್ಟೆಗೆ ಪಟ್ಟಿ ಬಿಗಿಯುವುದನ್ನು ಮಾತ್ರ ಬಿಡಲಿಲ್ಲ.

ಉಬ್ಬು ಕೆಂಪಾಯಿತು. ಮುಟ್ಟಿದರೆ ಬಿಸಿ. ಒಂದು ಸಂಜೆ ಮೈ ಬೆಚ್ಚಗಾಗಿತ್ತು, ಬೆಳಿಗ್ಗೆ ಹೋಗೋಣ ಎಂದುಕೊಂಡೆವು. ಆ ಬೆಳಿಗ್ಗೆ ಮಳೆ ಎಂಥದ್ದೆಂದರೆ ಎದುರು ಮನೆ ಕಾಣುತ್ತಿರಲಿಲ್ಲ. ನಾನು ರಜೆ ಹಾಕಿದ್ದೆ. ದೊಡ್ಡಪ್ಪ ಆಟೋ ಕರೆಯಲು ಕೆಳಗೆ ಹೋಗಿದ್ದ. ದೊಡ್ಡವ್ವನಿಗೆ ನಡುಕ ಶುರುವಾಗಿ ಮಂಚದ ಹಲಗೆ ಟಕಟಕ ಎನ್ನುತ್ತಿತ್ತು. ಉಸಿರಿಗೆ ಸಡಿಲಾಗಲಿ ಎಂದು ಆಯಿ ಪಟ್ಟಿ ಬಿಚ್ಚತೊಡಗಿದಳು. ಅಷ್ಟರಲ್ಲಿ ಕೆಮ್ಮು ಬಂತು.

ಹೊಲಿಗೆ ಬಿಟ್ಟುಕೊಂಡ ಸಪ್ಪಳ ಕೇಳಲಿಲ್ಲ. ಕೇಳಿದೆ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ದಪ್ಪನೆಯ ಕೀವು ಸೀರೆಗೆ, ಹಾಸಿಗೆಗೆ ಇಳಿಯಿತು. ಅದು ಹರಿದುಹೋದ ಮೇಲೆ ಗಾಯದ ತಳದಲ್ಲಿ ಬಿಳಿಯ ಎಳೆಗಳು ಕಂಡವು. ಸಣ್ಣ ಸಣ್ಣ ಕಣ್ಣಿನ, ಒದ್ದೆಯಾದ ಸೊಳ್ಳೆಪರದೆಯ ಚೂರಿನಂತೆ. ಒಂದು ತುದಿ ಮೇಲೆದ್ದು ಅವಳ ಉಸಿರಿನ ಜೊತೆ ಅಲುಗುತ್ತಿತ್ತು.

"ಒಳಗ ಬಟ್ಟಿ ಬಿಟ್ಟಾರಲ್ಲೋ ಇವರು" ಎಂದಳು ಆಯಿ, ಮತ್ತು ಅದನ್ನು ಎಳೆದು ತೆಗೆಯಲು ಕೈ ಹಾಕಿದಳು.

ಅವಳ ಬೆರಳು ಆ ತುದಿಯನ್ನು ಹಿಡಿದಾಗಿತ್ತು. ನಾನು ಅವಳ ಮಣಿಕಟ್ಟು ಹಿಡಿದೆ. ಎಪ್ಪತ್ತು ದಾಟಿದ ಹೆಂಗಸಿನ ಕೈ, ತುಂಬಿದ ಹಂಡೆ ಎತ್ತಿದ ಕೈ, ಬಿಡಲಿಲ್ಲ. ಆ ಜಾಳಿಗೆಯ ಅಡಿಯಲ್ಲಿ ಕರುಳು ಇದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬಿಡು ಆಯಿ, ಅದು ಅವಳ ಹೊಟ್ಟೆ ಎಂದೆ. ಅವಳು ನನ್ನ ಮುಖ ನೋಡಿದಳು, ಬೆರಳು ಸಡಿಲಾಯಿತು. ಆ ಇಡೀ ಮಳೆಗಾಲದ ನೆನಪಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ ಇದು. ಬಸ್ಸಿನಲ್ಲಿ ಕೂತಾಗ, ಯಂತ್ರದ ಸದ್ದು ನಿಂತಾಗ, ನನ್ನ ಮುಷ್ಟಿಯೊಳಗೆ ಆ ಮಣಿಕಟ್ಟು ಇರುತ್ತದೆ. ಕೆಲವು ಸಲ ನಾನು ಹಿಡಿಯುವುದು ತಡವಾಗಿರುತ್ತದೆ.

ಆಟೋ ಓಣಿಗೆ ಬರುವಂತಿರಲಿಲ್ಲ. ಒಗೆದ ಸೀರೆಯನ್ನು ಗಾಯದ ಮೇಲೆ ಮಡಿಸಿಟ್ಟು, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ದೊಡ್ಡಪ್ಪ ಮತ್ತು ನೆರೆಯ ಲೋಡಿಂಗಿನವರು ಮೆಟ್ಟಿಲಿಳಿಸಿದರು. ಓಣಿಯ ಹೆಂಗಸರು ತಾಡಪತ್ರಿಯ ನಾಲ್ಕು ಮೂಲೆ ಹಿಡಿದು ಮೇಲೆ ನಡೆದರು. ಮೆಟ್ಟಿಲ ಮೇಲೆ ನೀರು ಕೆಂಪಗೆ ಹರಿಯುತ್ತಿತ್ತು, ಮಣ್ಣಿನ ಕೆಂಪು. "ಹಗೂರ್ಕ ಇಡ್ರೆಪಾ ಕಾಲು, ನಂದು ಹೊಟ್ಟಿ ಅಷ್ಟ ಹೋಗೇತಿ, ನಿಮ್ದು ಸೊಂಟ ಹೋದೀತು" ಎಂದಳು ದೊಡ್ಡವ್ವ. ಹಲ್ಲು ಕಡಿಯುತ್ತಲೇ ಹೇಳಿದಳು.

ಆಸ್ಪತ್ರೆಯಲ್ಲಿ ಗಾಯವನ್ನು ತೆರೆದು ತೊಳೆದರು. ಸಾಧ್ಯವಾದರೆ ಜಾಳಿಗೆ ಉಳಿಸಿಕೊಳ್ಳೋಣ, ತೆಗೆದರೆ ಗೋಡೆಯೇ ಇರುವುದಿಲ್ಲ ಎಂದರು ಡಾಕ್ಟರು. ದಿನಾ ಡ್ರೆಸ್ಸಿಂಗ್. ದೊಡ್ಡವ್ವ ಆ ಹೊತ್ತಿನಲ್ಲಿ ನನ್ನ ದುಪಟ್ಟಾದ ತುದಿಯನ್ನು ಕಚ್ಚಿಕೊಳ್ಳುತ್ತಿದ್ದಳು. ಸತ್ತ ಎಳೆಗಳನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ ತೆಗೆಯುತ್ತ ಬಂದರು. ಸಕ್ಕರೆ ಹತೋಟಿಗೆ ಬರಲು ಒಪ್ಪಲಿಲ್ಲ. ಒಂದು ವಾರ ಮಾಂಸ ಕೆಂಪಗೆ ಚಿಗುರಿದಂತೆ ಕಂಡು ನಾವು ಮಾತಾಡಲು ಶುರು ಮಾಡಿದೆವು, ಮನೆಗೆ ಹೋದ ಮೇಲೆ ರೊಟ್ಟಿ ಬಡಿಯುವುದು ಬೇಡ, ಕೂತು ಚಟ್ನಿಪುಡಿ ಮಾಡಿದರೆ ಸಾಕು ಎಂದೆಲ್ಲ. ಅದಾದ ಮೇಲೆ ಒಂದು ದಿನ ಗಾಯದೊಳಗೆ ಹಸಿರು ಹಳದಿ ನೀರು ಕಾಣಿಸಿತು, ವಾಸನೆಯೂ ಬಂತು. ಕರುಳಿಗೆ ತೂತು ಬಿದ್ದು ಗಾಯಕ್ಕೆ ದಾರಿಯಾಗಿತ್ತು.

"ಸಾಹೇಬ್ರು ಬಾಗಲಾ ತಕ್ಕೊಂಡು ಹೊರಗ ಬಂದ್ರು ನೋಡು" ಎಂದಳು ದೊಡ್ಡವ್ವ. ಅವತ್ತು ಯಾರೂ ನಗಲಿಲ್ಲ.

ಅದೇ ಮಧ್ಯಾಹ್ನ ಡಾಕ್ಟರು ಮಂಚದ ಹತ್ತಿರ ನಿಂತು ಕೇಳಿದರು, ಮನೆಯಲ್ಲಿ ಗಾಯಕ್ಕೆ ಎಣ್ಣೆ, ಬಿಸಿನೀರು ಹಾಕಿದ್ದು ನಿಜವೇ, ಯಾರು ಹಾಕಿದರು ಎಂದು. ಆಯಿ ಕಾಲ ಕಡೆ ನಿಂತಿದ್ದಳು, ಕೈಯಲ್ಲಿ ನೀರಿನ ತಂಬಿಗೆ. ಅವಳಿಗೆ ಹಿಂದಿಯೂ ಬಾರದು, ಕೊಂಕಣಿಯೂ ಬಾರದು. ಡಾಕ್ಟರ ಬಾಯನ್ನೇ ನೋಡುತ್ತಿದ್ದಳು. ನಾನು ಹೌದು ಎಂದೆ. ಯಾರು ಎನ್ನುವುದಕ್ಕೆ ದೊಡ್ಡವ್ವ ನನಗಿಂತ ಮೊದಲು ಉತ್ತರ ಕೊಟ್ಟಳು, ನಾನೇ ಹಾಕಿಕೊಂಡೆ ಎಂದು. ಡಾಕ್ಟರು ಅವಳನ್ನು ನೋಡಿದರು, ಆಮೇಲೆ ಆಯಿಯನ್ನು ನೋಡಿದರು. ತಡೆದು ತಡೆದು ಮಾತಾಡಿದರು. ಇದರಿಂದಲೇ ಆಯಿತು ಎಂದು ಹೇಳಲಾರೆ, ಕರುಳು ಹರಿದ ದಿನವೇ ಸೋಂಕು ಹತ್ತಿರಬಹುದು, ಸಕ್ಕರೆಯಿಂದಲೂ ಇರಬಹುದು, ಎಲ್ಲ ಸರಿಯಾಗಿ ಮಾಡಿದವರಿಗೂ ಇದು ಆಗುತ್ತದೆ. ಆದರೆ ಮಾಯದ ಗಾಯ, ಕೆಳಗೆ ಜಾಳಿಗೆ, ಅದರ ಮೇಲೆ ನೀರು ಎಂದು ಹೇಳಿ ಮಾತು ಮುಗಿಸದೆ ಮುಂದಿನ ಮಂಚಕ್ಕೆ ಹೋದರು.

"ಏನಂದ್ರ?" ಎಂದು ಕೇಳಿದಳು ಆಯಿ.

ನಾನು ಬಾಯಿ ತೆರೆಯುವಾಗ ಚಾದರದ ಕೆಳಗಿನಿಂದ ದೊಡ್ಡವ್ವನ ಕೈ ಬಂದು ನನ್ನ ಬೆರಳು ಹಿಡಿಯಿತು. "ಹುಷಾರಾಗ್ತೈತಂತ ಬೇ" ಎಂದಳು ತಾಯಿಗೆ. ಆಯಿ ನೀರು ಬದಲಿಸಲು ಹೊರಗೆ ಹೋದ ಮೇಲೆ ನನಗೆ, "ಅವ್ವಗ ಹೇಳಬ್ಯಾಡ. ನಾ ಇದ್ರೂ ಹೇಳಬ್ಯಾಡ, ಹ್ವಾದ್ರೂ ಹೇಳಬ್ಯಾಡ" ಎಂದಳು.

ಉಳಿದ ಜಾಳಿಗೆಯನ್ನೂ ತೆಗೆದರು. ಆಮೇಲೆ ಹೊಟ್ಟೆಯನ್ನು ಮುಚ್ಚಲು ಸಾಕಷ್ಟು ಮೈ ಇರಲಿಲ್ಲ. ಬಾಯಿಂದ ತಿನ್ನುವಂತಿರಲಿಲ್ಲ, ನರದಲ್ಲಿ ಹೋದದ್ದು ಸಾಲಲಿಲ್ಲ. ದುಂಡಗಿದ್ದ ದೊಡ್ಡವ್ವ ಬತ್ತಿ ಹೋದಳು. ಆಯಿ ಬೆಳಗಿನಿಂದ ಸಂಜೆಯ ತನಕ ಅವಳ ಪಾದ ಹಿಡಿದು ಕೂತಿರುತ್ತಿದ್ದಳು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮುಖ ಒರೆಸಲೂ ನರ್ಸ್‌ನ ಅಪ್ಪಣೆ ಕೇಳು ಎಂದು ನನ್ನನ್ನು ಕಳಿಸುತ್ತಿದ್ದಳು. ಚೌತಿ ಮುಗಿದು ಗಣಪತಿಗಳನ್ನು ಕಳಿಸುವ ದಿನಗಳಲ್ಲಿ, ಮಳೆ ಬಿಟ್ಟು ಬಿಸಿಲು ಬಿದ್ದಿದ್ದ ಒಂದು ಮುಂಜಾನೆ, ದೊಡ್ಡವ್ವ ತೀರಿಕೊಂಡಳು.

ಕಾರ್ಯವೆಲ್ಲ ಮುಗಿದ ಮೇಲೆ ಆಯಿಯನ್ನು ರೈಲು ಹತ್ತಿಸಲು ವಾಸ್ಕೋ ನಿಲ್ದಾಣಕ್ಕೆ ನಾನೇ ಹೋದೆ. ಗಾಡಿ ಹೊರಡಲು ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಕೂತೆವು. ಅವಳು ಸೆರಗನ್ನು ತಲೆಯ ತುಂಬ ಹೊದ್ದು ಹಳಿಗಳ ಕಡೆ ನೋಡುತ್ತಿದ್ದಳು.

"ಅವತ್ತು ಆ ಡಾಕ್ಟರ ನನ್ನ ನೋಡಿ ಏನ ಕೇಳಿದ?" ಎಂದಳು.

ನಾನು ಅದಕ್ಕೆ ತಯಾರಾಗಿರಲಿಲ್ಲ. ಆರೈಕೆ ಯಾರು ಮಾಡಿದರು ಎಂದು ಕೇಳಿದರು, ಅವಳ ತಾಯಿ ಎಂದು ಹೇಳಿದೆ ಎಂದೆ.

"ಅದಕ್ಕ ಏನಂದ?"

"ಚಲೋ ಮಾಡ್ಯಾರ ಅಂದ್ರು, ಆಯಿ."

ಅವಳು ತಲೆ ಆಡಿಸಿದಳು. ಸೆರಗನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು, "ಅಷ್ಟು ಹೇಳಾಕ ಅಷ್ಟೊತ್ತು ಮಾತಾಡಿದ್ನೇನು" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ನಾನು ಅವಳ ಚೀಲ ಎತ್ತಿಕೊಂಡೆ. ಗಾಡಿಗೆ ಹತ್ತಿಸಿ ಕಿಟಕಿಯ ಹತ್ತಿರ ಕೂರಿಸಿದಾಗ ನನ್ನ ಕೆನ್ನೆ ಸವರಿ, "ಹೋಗು, ನಿನಗ ಕೆಲಸಕ್ಕ ಹೊತ್ತಾಗ್ತೈತಿ" ಎಂದಳಷ್ಟೆ.

ಆಯಿ ಇನ್ನೂ ಗಟ್ಟಿಯಾಗಿದ್ದಾಳೆ. ಹೊಲದ ತನಕ ನಡೆಯುತ್ತಾಳೆ, ತನ್ನ ನೀರು ತಾನೇ ಸೇದುತ್ತಾಳೆ ಎಂದು ಅವ್ವ ಫೋನಿನಲ್ಲಿ ಹೇಳುತ್ತಾಳೆ. ಆದರೆ ಊರಲ್ಲಿ ಹೆರಿಗೆಯಾಗಿ ಯಾರಾದರೂ ಎರೆಯಲು ಕರೆಯಬಂದರೆ, ಕೈ ನೋಯುತ್ತದೆ ಎಂದು ಹೇಳಿ ಕಳಿಸುತ್ತಾಳಂತೆ. ಯಾವ ಕೈ ಎಂದು ಅವ್ವ ಒಮ್ಮೆ ಕೇಳಿದಳಂತೆ. ಎರಡೂ ಎಂದಳಂತೆ.